ಈಜುಕೊಳದ ಪಂಪು: ಎಷ್ಟು ಎಚ್‌ಪಿ ಅನ್ನುವುದು ಕೊನೆಯ ಪ್ರಶ್ನೆ

ಪ್ರಶ್ನೆ: ನಮ್ಮ ಮನೆಯ ಈಜುಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ. ಆಳ ಒಂದು ಕಡೆ 1.2 ಮೀಟರ್, ಇನ್ನೊಂದು ಕಡೆ 1.6. ಮರಳಿನ ಫಿಲ್ಟರ್ ಇದೆ. ಒಂದೂವರೆ ಎಚ್‌ಪಿಯ ಹಳೇ ಪಂಪು ದಿನಕ್ಕೆ 8 ಗಂಟೆ ಓಡುತ್ತದೆ. ಈಗ ಅದರ ಬೇರಿಂಗ್ ಸದ್ದು ಮಾಡುತ್ತಿದೆ, ಕರೆಂಟ್ ಬಿಲ್ಲೂ ಜಾಸ್ತಿ. ಒಬ್ಬರು ‘ಎರಡು ಎಚ್‌ಪಿ ಹಾಕಿಸಿ, ಬೇಗ ಕೆಲಸ ಮುಗಿಸುತ್ತದೆ, ಕರೆಂಟೂ ಉಳಿಯುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ವೇರಿಯಬಲ್ ಸ್ಪೀಡ್ (ಬೇಕಾದಂತೆ ವೇಗ ಬದಲಿಸಬಹುದಾದ) ಪಂಪೇ ಸರಿ ಎನ್ನುತ್ತಾರೆ, ಆದರೆ ಅದರ ಬೆಲೆ ಮಾಮೂಲಿ ಪಂಪಿಗಿಂತ ಎಷ್ಟೋ ಹೆಚ್ಚು. ನಿಜಕ್ಕೂ ಅಷ್ಟು ಉಳಿತಾಯ ಇದೆಯೇ? ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ಎರಡು ಎಚ್‌ಪಿ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ವಾರವೇ ಅದನ್ನು ತಂದು ಕೂರಿಸಿಬಿಟ್ಟರೆ ಕೆಳಗಿನ ಲೆಕ್ಕವೆಲ್ಲ ದಂಡ. ನಿಮ್ಮ ಕೊಳಕ್ಕೆ ಈಗಿರುವ ಒಂದೂವರೆ ಎಚ್‌ಪಿಯೇ ಹೆಚ್ಚು. ವೇರಿಯಬಲ್ ಸ್ಪೀಡ್ ಪಂಪಿನಲ್ಲಿ ಉಳಿತಾಯ ಇರುವುದು ನಿಜ. ಆದರೆ ಎಷ್ಟು ಎನ್ನುವುದು, ಅದನ್ನು ನೀವು ಯಾವುದರ ಪಕ್ಕ ಇಟ್ಟು ನೋಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಪಂಪು ಅಂದರೆ ಎಲ್ಲರ ಮನಸ್ಸಿಗೆ ಮೊದಲು ಬರುವುದು ಮೇಲಿನ ಟ್ಯಾಂಕಿಗೆ ನೀರು ಏರಿಸುವ ಪಂಪು. ಅಲ್ಲಿ ನೀರನ್ನು ಹತ್ತು ಮೀಟರ್ ಎತ್ತಬೇಕೆಂದರೆ ಎತ್ತಲೇಬೇಕು. ನಿಧಾನವಾಗಿ ಎತ್ತಿದರೂ ಬೇಗ ಎತ್ತಿದರೂ ಆ ಎತ್ತರದ ಶ್ರಮ ತಪ್ಪುವುದಿಲ್ಲ, ಪಂಪಿನ ವೇಗವನ್ನು ತೀರಾ ಇಳಿಸಿದರೆ ನೀರು ಟ್ಯಾಂಕಿನವರೆಗೆ ಹತ್ತುವುದೂ ಇಲ್ಲ. ಈಜುಕೊಳದ್ದು ಬೇರೆಯೇ ಕಥೆ. ನೀರು ಕೊಳದಿಂದ ಹೊರಟು, ಫಿಲ್ಟರಿನೊಳಗೆ ಹಾದು, ಮತ್ತೆ ಅದೇ ಕೊಳಕ್ಕೆ ಬಂದು ಸೇರುತ್ತದೆ. ಹೊರಟ ಮಟ್ಟಕ್ಕೇ ವಾಪಸ್. ಒಟ್ಟು ಲೆಕ್ಕದಲ್ಲಿ ನೀವು ನೀರನ್ನು ಎತ್ತಿದ್ದು ಸೊನ್ನೆ ಮೀಟರ್. ಹಾಗಾದರೆ ಅಷ್ಟೊಂದು ಕರೆಂಟು ಹೋಗಿದ್ದೆಲ್ಲಿಗೆ? ಪೈಪಿನ ಗೋಡೆ, ಬೆಂಡು, ವಾಲ್ವು, ಫಿಲ್ಟರಿನ ಮರಳು, ಇವಕ್ಕೆಲ್ಲ ನೀರು ಉಜ್ಜಿಕೊಂಡು ಹೋಗುವ ತಿಕ್ಕಾಟಕ್ಕೆ. ಈ ತಿಕ್ಕಾಟ ನೀರಿನ ವೇಗದ ಜೊತೆ ಸಮಸಮವಾಗಿ ಏರುವುದಿಲ್ಲ. ವೇಗ ಎರಡರಷ್ಟಾದರೆ ತಿಕ್ಕಾಟ ಹೆಚ್ಚುಕಡಿಮೆ ನಾಲ್ಕರಷ್ಟು.

ಪಂಪಿನವರು ಇದನ್ನು ಅಫಿನಿಟಿ ನಿಯಮ ಎನ್ನುತ್ತಾರೆ. ಪಂಪು ತಿರುಗುವ ವೇಗವನ್ನು ಅರ್ಧಕ್ಕೆ ಇಳಿಸಿದರೆ ಹರಿಯುವ ನೀರು ಅರ್ಧವಾಗುತ್ತದೆ, ಒತ್ತಡ ಕಾಲು ಭಾಗವಾಗುತ್ತದೆ, ಬೇಕಾಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಬೀಳುತ್ತದೆ. ನಿಮಿಷಕ್ಕೆ 2,900 ಸುತ್ತು ತಿರುಗುತ್ತಾ 1,200 ವ್ಯಾಟ್ ಎಳೆಯುವ ಪಂಪು 1,450 ಸುತ್ತಿನಲ್ಲಿ ಕಾಗದದ ಮೇಲೆ 150 ವ್ಯಾಟಿಗೆ ಇಳಿಯಬೇಕು. ಮೋಟಾರಿನ ಮತ್ತು ಅದನ್ನು ನಡೆಸುವ ಎಲೆಕ್ಟ್ರಾನಿಕ್ಸಿನ ನಷ್ಟ ಸೇರಿಸಿ 190 ಎಂದು ಹಿಡಿಯೋಣ. ಅರ್ಧ ನೀರು ಬರುವುದರಿಂದ ಎರಡರಷ್ಟು ಹೊತ್ತು ಓಡಿಸಬೇಕು, ಸರಿ. ಓಡಿಸಿ. ಆಗಲೂ ಅಷ್ಟೇ ನೀರಿಗೆ ಮೊದಲಿನ ಮೂರನೇ ಒಂದು ಭಾಗದಷ್ಟು ಯೂನಿಟ್ ಸಾಕು. ನಿಧಾನವೇ ಪ್ರಧಾನ ಅನ್ನುವ ಮಾತು ಇಲ್ಲಿ ಬುದ್ಧಿವಾದವಲ್ಲ, ನೇರ ಗಣಿತ.

ಇದೇ ಗಣಿತವನ್ನು ತಿರುಗಿಸಿ ಎರಡು ಎಚ್‌ಪಿಗೆ ಹಾಕಿ ನೋಡಿ. ಪೈಪು ಅದೇ, ಫಿಲ್ಟರ್ ಅದೇ. ಒಂದೂವರೆಯಿಂದ ಎರಡಕ್ಕೆ ಹೋದರೆ ಶಕ್ತಿ ಶೇ. 33 ಹೆಚ್ಚು. ಆದರೆ ನೀರು ಹೆಚ್ಚುವುದು ಶೇ. 10ರ ಆಸುಪಾಸು ಮಾತ್ರ, ನೀರು ಎರಡರಷ್ಟಾಗಲು ಶಕ್ತಿ ಎಂಟರಷ್ಟು ಬೇಕೆನ್ನುವ ಮೂರನೇ ಘಾತದ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಬೇಗ ಮುಗಿಸಿ ಕರೆಂಟು ಉಳಿಸುವ ಮಾತು ಅಲ್ಲಿಗೆ ಮುಗಿಯಿತು. ಪ್ರತಿ ಲೀಟರಿಗೂ ನೀವು ಮೊದಲಿಗಿಂತ ಜಾಸ್ತಿಯೇ ಕೊಡುತ್ತೀರಿ.

ಈಗ ನಿಮ್ಮ ಕೊಳಕ್ಕೆ ಬರೋಣ. ಸರಾಸರಿ ಆಳ 1.4 ಮೀಟರ್. ಎಂಟು ಗುಣಿಸು ನಾಲ್ಕು ಗುಣಿಸು 1.4 ಅಂದರೆ 44.8 ಘನ ಮೀಟರ್, ಸುಮಾರು 45,000 ಲೀಟರ್. ಇಷ್ಟು ನೀರು ಒಂದು ಸಲ ಫಿಲ್ಟರಿನಲ್ಲಿ ಹಾದರೆ ಅದಕ್ಕೆ ‘ಒಂದು ಟರ್ನೋವರ್’ ಎನ್ನುತ್ತಾರೆ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಒಂದು ಟರ್ನೋವರ್ ಆದರೆ ಎಲ್ಲ ನೀರೂ ಶುದ್ಧವಾಯಿತು ಎಂದಲ್ಲ. ಫಿಲ್ಟರಿನಿಂದ ಬಂದ ನೀರು ಕೊಳದ ನೀರಿಗೇ ಬೆರೆಯುತ್ತದೆ, ಅದರಲ್ಲಿ ಒಂದಷ್ಟು ಮತ್ತೆ ಫಿಲ್ಟರಿಗೆ ಹೋಗುತ್ತದೆ, ಒಂದಷ್ಟು ನೀರಿಗೆ ಸರದಿಯೇ ಬಂದಿರುವುದಿಲ್ಲ. ಚೆನ್ನಾಗಿ ಬೆರೆಯುವ ಕೊಳದಲ್ಲಿ ಒಂದು ಟರ್ನೋವರಿಗೆ ಶೇ. 63ರಷ್ಟು ನೀರು ಫಿಲ್ಟರ್ ಕಂಡಿರುತ್ತದೆ, ಎರಡಕ್ಕೆ ಶೇ. 86, ಮೂರಕ್ಕೆ ಶೇ. 95. ಹಾಗಂತ ದಿನಾ ಮೂರು ಮಾಡಬೇಕಿಲ್ಲ. ಇಂದು ಉಳಿದದ್ದು ನಾಳೆ ಸಿಗುತ್ತದೆ, ಕೊಳ ಎಲ್ಲಿಗೂ ಓಡಿಹೋಗುವುದಿಲ್ಲ. ಮನೆಮಂದಿ ನಾಲ್ಕೈದು ಜನ ಇಳಿಯುವ ಕೊಳಕ್ಕೆ ಕ್ಲೋರಿನ್ ಸರಿಯಾಗಿದ್ದರೆ ದಿನಕ್ಕೆ ಒಂದರಿಂದ ಒಂದೂವರೆ ಟರ್ನೋವರ್ ಸಾಕು. ದಿನಕ್ಕೆ ನೂರಾರು ಜನ ಇಳಿಯುವ ಸಾರ್ವಜನಿಕ ಕೊಳದ ಲೆಕ್ಕವೇ ಬೇರೆ. ಅಲ್ಲಿನ ಅಂಕಿಯನ್ನು ಮನೆಗೆ ತಂದದ್ದರಿಂದಲೇ ಎಷ್ಟೋ ಮನೆಗಳಲ್ಲಿ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅನ್ನುವಂಥ ಪಂಪುಗಳು ಕೂತಿವೆ.

ನಿಮಗೆ ಬೇಕಾದದ್ದು ದಿನಕ್ಕೆ ಹೆಚ್ಚೆಂದರೆ 65–70 ಘನ ಮೀಟರ್. ನಿಮ್ಮ ಪಂಪು ಈಗ ಎಷ್ಟು ಕೊಡುತ್ತಿದೆ? ಅದನ್ನು ಪಂಪಿನ ಮೇಲಿನ ಚೀಟಿ ನೋಡಿ ಹೇಳಲಾಗದು. ಅಳೆಯಬೇಕು. ಒಂದು ಸ್ಕೇಲು, ಒಂದು ಮೊಬೈಲು ಇದ್ದರೆ ಆಯಿತು.

ಮೊದಲು ಕರೆಂಟು. ಮನೆಯ ಉಳಿದೆಲ್ಲ ಉಪಕರಣ ಆರಿಸಿ, ಪಂಪು ಮಾತ್ರ ಓಡಲಿ. ಡಿಜಿಟಲ್ ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕುತ್ತದೆ ಎನ್ನುವುದು ಪಕ್ಕದಲ್ಲೇ ಅಚ್ಚಾಗಿರುತ್ತದೆ, 3,200 ಎಂದಿದೆ ಎಂದುಕೊಳ್ಳಿ. ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ತೆಗೆದು, ಆಮೇಲೆ ಕೂತು ಎಣಿಸಿ. 64 ಸಲ ಮಿಣುಕಿದರೆ ಗಂಟೆಗೆ 3,840 ಸಲ ಆಯಿತು. ಅದನ್ನು 3,200ರಿಂದ ಭಾಗಿಸಿದರೆ 1.2 ಯೂನಿಟ್. ಅಂದರೆ ಪಂಪು 1,200 ವ್ಯಾಟ್ ಎಳೆಯುತ್ತಿದೆ. ಒಂದೂವರೆ ಎಚ್‌ಪಿ ಅಂದರೆ 1,119 ವ್ಯಾಟ್ ತಾನೇ ಎಂದು ಕೇಳಬೇಡಿ. ಅದು ಮೋಟಾರಿನ ಶಾಫ್ಟು ಕೊಡಬಲ್ಲ ಶಕ್ತಿ. ಗೋಡೆಯಿಂದ ಎಳೆಯುವುದು, ಪಂಪಿನ ಮೇಲೆ ಎಷ್ಟು ಹೊರೆ ಬಿದ್ದಿದೆ, ಮೋಟಾರು ಎಷ್ಟು ಚೆನ್ನಾಗಿದೆ ಎನ್ನುವುದರ ಮೇಲೆ ಅದಕ್ಕಿಂತ ಕಡಿಮೆಯೂ ಆದೀತು, ಸಾಕಷ್ಟು ಹೆಚ್ಚೂ ಆದೀತು.

ಇನ್ನು ನೀರು. ಇದನ್ನು ಹೇಗಿದ್ದರೂ ಬ್ಯಾಕ್‌ವಾಷ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರಿನ ಮರಳು ತೊಳೆದು, ಕೊಳೆನೀರು ಹೊರಗೆ ಬಿಡುವುದು) ಮಾಡುವ ದಿನ ಮಾಡಿ, ಬೇರೆ ನೀರು ಪೋಲು ಮಾಡಬೇಡಿ. ಗಾಳಿ ಇರಬಾರದು, ಕೊಳದಲ್ಲಿ ಯಾರೂ ಇರಬಾರದು. ಮೆಟ್ಟಿಲ ಪಕ್ಕದ ಗೋಡೆಗೆ ಸ್ಟೀಲ್ ಸ್ಕೇಲನ್ನು ಟೇಪಿನಲ್ಲಿ ನೆಟ್ಟಗೆ ಅಂಟಿಸಿ, ನೀರಿನ ಗೆರೆ ಎಲ್ಲಿದೆ ನೋಡಿಕೊಳ್ಳಿ. ಬ್ಯಾಕ್‌ವಾಷ್ ಶುರು ಮಾಡಿ, ಗಾಜಿನ ಕಿಂಡಿಯಲ್ಲಿ ಕೊಳೆನೀರು ಹೋಗಿ ತಿಳಿಯಾದ ಮೇಲೆ ಪಂಪು ನಿಲ್ಲಿಸಿ, ನೀರಿನ ತುಯ್ದಾಟ ತಣ್ಣಗಾಗಲು ಬಿಟ್ಟು ಸ್ಕೇಲು ಓದಿ. ಮತ್ತೆ ಸರಿಯಾಗಿ ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಓದಿ. 22 ಮಿ.ಮೀ. ಇಳಿದಿದ್ದರೆ, ನಿಮ್ಮ ಕೊಳದ ಮೇಲ್ಮೈ 32 ಚದರ ಮೀಟರ್ ಆದ್ದರಿಂದ, ಹೊರಗೆ ಹೋದದ್ದು 0.7 ಘನ ಮೀಟರ್. ಗಂಟೆಗೆ 14. ಶುರುವಿನಲ್ಲಿ ನೀರಿನ ಮಟ್ಟ, ಮೇಲ್ಮೈಯ ನೀರನ್ನು ಪಂಪಿನತ್ತ ಎಳೆಯುವ ಸ್ಕಿಮ್ಮರಿನ ಬಾಯಿಗಿಂತ ಸಾಕಷ್ಟು ಮೇಲಿರಲಿ, ಇಲ್ಲದಿದ್ದರೆ ಪಂಪು ಗಾಳಿ ಎಳೆದುಕೊಂಡೀತು. ಈ ಅಳತೆ ಫ್ಲೋ ಮೀಟರಿನಷ್ಟು ಕರಾರುವಾಕ್ಕಲ್ಲ, ನಮ್ಮ ನಿರ್ಧಾರಕ್ಕೆ ಸಾಕು.

ನಿಮ್ಮದೂ ಇದೇ ಆಸುಪಾಸಿನಲ್ಲಿ ಬಂದರೆ, ಎಂಟು ಗಂಟೆಗೆ 112 ಘನ ಮೀಟರ್ ನೀರು ತಿರುಗುತ್ತಿದೆ. ಎರಡೂವರೆ ಟರ್ನೋವರ್. ಖರ್ಚು ದಿನಕ್ಕೆ 9.6 ಯೂನಿಟ್. ಹೊಸ ಪಂಪು ಕೊಳ್ಳುವ ಮೊದಲೇ, ಒಂದು ಕಾಸೂ ಖರ್ಚಿಲ್ಲದೆ ಮಾಡಬಹುದಾದ ಕೆಲಸ ಇಲ್ಲೇ ಇದೆ: ಟೈಮರನ್ನು ನಾಲ್ಕೂವರೆ ಗಂಟೆಗೆ ಇಳಿಸಿ. ಆಗಲೂ 63 ಘನ ಮೀಟರ್ ತಿರುಗುತ್ತದೆ, ಖರ್ಚು 5.4 ಯೂನಿಟ್ಟಿಗೆ ಬರುತ್ತದೆ. ಒಮ್ಮೆಗೇ ಇಳಿಸಬೇಡಿ. ವಾರಕ್ಕೆ ಒಂದು ಗಂಟೆಯಂತೆ ಇಳಿಸುತ್ತಾ ಹೋಗಿ, ದಿನಾ ಕ್ಲೋರಿನ್ ಮತ್ತು ಪಿಎಚ್ ನೋಡಿ. ಕೊಳದ ಅತಿ ಆಳದ ಕಡೆ ತಳದಲ್ಲಿರುವ ಡ್ರೈನಿನ ಮುಚ್ಚಳದ ಸ್ಕ್ರೂಗಳು ದಡದಿಂದ ಸ್ಪಷ್ಟವಾಗಿ ಕಾಣುತ್ತಿವೆಯಾ? ಕಾಣುತ್ತಿದ್ದರೆ ಇನ್ನೂ ಇಳಿಸಬಹುದು. ಮಸುಕಾದ ದಿನ ಅರ್ಧ ಗಂಟೆ ಹಿಂದಕ್ಕೆ ಬನ್ನಿ.

ವೇರಿಯಬಲ್ ಸ್ಪೀಡ್ ಪಂಪನ್ನು ಹೋಲಿಸಬೇಕಾದದ್ದು ಈ 5.4ರ ಜೊತೆ, ಆ 9.6ರ ಜೊತೆ ಅಲ್ಲ. ಮಾರುವವರ ಕೋಷ್ಟಕದಲ್ಲಿ ಯಾವಾಗಲೂ ಎಡಗಡೆ ಇರುವುದು ಎಂಟು–ಹತ್ತು ಗಂಟೆ ಓಡುವ ಹಳೇ ಪಂಪು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ, ನಿಮ್ಮ ಟೈಮರನ್ನು ಮುಟ್ಟಬೇಕು ಎನ್ನುವುದು ಅವರ ಕೆಲಸವಲ್ಲ, ಅಷ್ಟೆ. ನಾವೇ ಮಾಡೋಣ ಲೆಕ್ಕ. ಹೊಸ ಪಂಪು ಅರ್ಧ ವೇಗದಲ್ಲಿ ಗಂಟೆಗೆ 7 ಘನ ಮೀಟರ್ ಕೊಡುತ್ತಾ 190 ವ್ಯಾಟ್ ಎಳೆದು 9 ಗಂಟೆ ಓಡಿದರೆ 63 ಘನ ಮೀಟರ್, 1.7 ಯೂನಿಟ್. ಜೊತೆಗೆ ಮೇಲ್ಮೈಯ ಎಲೆ, ಧೂಳು ಸ್ಕಿಮ್ಮರಿಗೆ ಎಳೆಯಲು ದಿನಕ್ಕೆ ಒಂದು ಗಂಟೆ ಶೇ. 80 ವೇಗದಲ್ಲಿ. ಅಲ್ಲಿ ಸುಮಾರು 650 ವ್ಯಾಟ್. ಒಟ್ಟು 2.4 ಯೂನಿಟ್ಟಿನ ಹತ್ತಿರ. ಟೈಮರ್ ಸರಿಮಾಡಿದ ಹಳೇ ಪಂಪಿಗಿಂತ ದಿನಕ್ಕೆ 3 ಯೂನಿಟ್ ಉಳಿಯಿತು, ಈಗ ನೀವು ಓಡಿಸುತ್ತಿರುವ ರೀತಿಗೆ ಹೋಲಿಸಿದರೆ 7ಕ್ಕೂ ಹೆಚ್ಚು. ಎರಡು ಪಂಪುಗಳ ಬೆಲೆಯ ವ್ಯತ್ಯಾಸವನ್ನು ಆ 3 ಯೂನಿಟ್ಟಿನ ದರದಿಂದ ಭಾಗಿಸಿ. ಬಂದಷ್ಟು ದಿನಕ್ಕೆ ಅದರ ಹಣ ಅದೇ ತೀರಿಸುತ್ತದೆ. ವರ್ಷವಿಡೀ ಬಳಸುವ ಕೊಳಕ್ಕೆ ಈ ಉತ್ತರ ಸಾಮಾನ್ಯವಾಗಿ ಪಂಪಿನ ಆಯುಷ್ಯಕ್ಕಿಂತ ಬಹಳ ಒಳಗೇ ಬರುತ್ತದೆ. ವರ್ಷಕ್ಕೆ ಮೂರೇ ತಿಂಗಳು ಬಳಸುವ ಕೊಳವಾದರೆ ದಿನಗಳನ್ನು ವರ್ಷಕ್ಕೆ ಪರಿವರ್ತಿಸುವಾಗ 365ರ ಬದಲು 90 ಎಂದು ಹಾಕಿ ನೋಡಿ. ಅಂಥವರಿಗೆ ಮುಕ್ಕಾಲು ಎಚ್‌ಪಿಯ ಒಳ್ಳೆಯ ಮಾಮೂಲಿ ಪಂಪೇ ಜಾಣತನ ಎಂದು ನಾನು ಹೇಳುವುದುಂಟು.

ಮೋಟಾರಿನ ಬಗ್ಗೆ ಎರಡು ಮಾತು. ಹಳೆಯ ಒಂದೇ ವೇಗದ ಪಂಪಿನಲ್ಲಿರುವುದು ಕೆಪಾಸಿಟರ್ ಇರುವ ಇಂಡಕ್ಷನ್ ಮೋಟಾರು. ಎರಡು ವೇಗದ ಪಂಪು ಅಂತಲೂ ಸಿಗುತ್ತದೆ, ಅದೂ ಇಂಡಕ್ಷನ್ನೇ. ಕೆಳವೇಗದಲ್ಲಿ ಆ ಮೋಟಾರಿನ ದಕ್ಷತೆ ಚೆನ್ನಾಗಿಯೇ ಕುಸಿಯುತ್ತದೆ, ಹಾಗಾಗಿ ಎಂಟನೇ ಒಂದರ ಲಾಭ ಪೂರ್ತಿ ಕೈಗೆ ಬರುವುದಿಲ್ಲ. ವೇರಿಯಬಲ್ ಸ್ಪೀಡಿನಲ್ಲಿ ರೋಟರಿನಲ್ಲೇ ಕಾಯಂ ಅಯಸ್ಕಾಂತ ಇರುತ್ತದೆ. ರೋಟರನ್ನು ಅಯಸ್ಕಾಂತ ಮಾಡಲು ಬೇರೆ ಕರೆಂಟು ಸುಡಬೇಕಿಲ್ಲ, ಕೆಳವೇಗದಲ್ಲೂ ದಕ್ಷತೆ ಉಳಿದುಕೊಳ್ಳುತ್ತದೆ, ಮೋಟಾರು ಬಿಸಿಯೂ ಆಗುವುದಿಲ್ಲ. ಇನ್ನು ಕೆಲವರು ‘ಇರುವ ಪಂಪಿಗೇ ಒಂದು ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ಹಾಕಿದರೆ ಆಗದೇ?’ ಎಂದು ಕೇಳುತ್ತಾರೆ. ತ್ರೀ ಫೇಸ್ ಮೋಟಾರಾದರೆ ಆಗುತ್ತದೆ. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರಿಗೆ ಮಾಮೂಲಿ ವಿಎಫ್‌ಡಿ ಹಾಕಲು ಹೋಗಬೇಡಿ, ಕೆಪಾಸಿಟರೋ ವೈಂಡಿಂಗೋ ಎರಡರಲ್ಲೊಂದು ಸುಡುತ್ತದೆ.

ಅಂಗಡಿಯಲ್ಲಿ ಪಂಪಿನ ಪೆಟ್ಟಿಗೆ ಮೇಲೆ ಎರಡು ದೊಡ್ಡ ಅಂಕಿ ಇರುತ್ತವೆ: ಗರಿಷ್ಠ ಹರಿವು, ಗರಿಷ್ಠ ಹೆಡ್ (ಪಂಪಿನ ಒತ್ತಡ ನೀರನ್ನು ಎಷ್ಟು ಮೀಟರ್ ಎತ್ತರಕ್ಕೆ ಏರಿಸಬಲ್ಲದು ಎನ್ನುವ ಅಳತೆ). ಎರಡೂ ನಿಜ, ಎರಡೂ ನಿಮಗೆ ಪ್ರಯೋಜನವಿಲ್ಲ. ಗರಿಷ್ಠ ಹರಿವು ಬರುವುದು ಮುಂದೆ ಪೈಪೇ ಇಲ್ಲದಾಗ. ಗರಿಷ್ಠ ಹೆಡ್ ಬರುವುದು ವಾಲ್ವು ಪೂರ್ತಿ ಮುಚ್ಚಿ ಒಂದು ಹನಿಯೂ ಹರಿಯದಿದ್ದಾಗ. ನೀವು ಕೇಳಬೇಕಾದದ್ದು ಪಂಪ್ ಕರ್ವ್, ಅಂದರೆ ಯಾವ ಹೆಡ್ಡಿಗೆ ಎಷ್ಟು ನೀರು ಎಂದು ತೋರಿಸುವ ಗೆರೆ. ವೇರಿಯಬಲ್ ಸ್ಪೀಡಿನದಾದರೆ ಒಂದೊಂದು ವೇಗಕ್ಕೂ ಒಂದೊಂದು ಗೆರೆ ಇರಬೇಕು, ಪಕ್ಕದಲ್ಲಿ ವ್ಯಾಟ್ ಕೂಡ ಇರಬೇಕು. ಕೊಡಲು ಆಗದಿದ್ದವರಿಂದ ಕೊಳ್ಳಬೇಡಿ. ಎಚ್‌ಪಿಯಲ್ಲೂ ಒಂದು ಮಸಲತ್ತು ಇದೆ. ನಾಮಫಲಕದಲ್ಲಿ ‘ಸರ್ವಿಸ್ ಫ್ಯಾಕ್ಟರ್’ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. 1 ಎಚ್‌ಪಿ, ಸರ್ವಿಸ್ ಫ್ಯಾಕ್ಟರ್ 1.5 ಎಂದಿದ್ದರೆ ಅದು ಒಂದೂವರೆ ಎಚ್‌ಪಿಯ ಹೊರೆ ಹೊರಬಲ್ಲ ಮೋಟಾರು. ಒಂದೂವರೆ ಎಚ್‌ಪಿ, ಸರ್ವಿಸ್ ಫ್ಯಾಕ್ಟರ್ 1 ಎಂದು ಬರೆದಿರುವುದಕ್ಕೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಕೆಲವು ಪಂಪುಗಳ ಮೇಲೆ ಪಿ1, ಪಿ2 ಎಂದು ಎರಡು ಕಿಲೋವ್ಯಾಟ್ ಅಂಕಿ ಇರುತ್ತವೆ. ಪಿ2 ಶಾಫ್ಟಿನದು, ಪಿ1 ಕರೆಂಟ್ ಲೈನಿನಿಂದ ಎಳೆಯುವುದು. ಬಿಲ್ಲು ಬರುವುದು ಪಿ1ರ ಮೇಲೆ.

ಇಷ್ಟನ್ನೂ ಒಂದೇ ಅಂಕಿಗೆ ಇಳಿಸಬೇಕೆಂದರೆ, ಒಂದು ವ್ಯಾಟ್-ಗಂಟೆಗೆ ಎಷ್ಟು ಲೀಟರ್ ತಿರುಗಿಸುತ್ತದೆ ಎಂದು ಕೇಳಿ. ಮೇಲಿನ ಉದಾಹರಣೆಯ ಹಳೇ ಪಂಪು 14,000 ಲೀಟರಿಗೆ 1,200, ಅಂದರೆ ಹನ್ನೆರಡಕ್ಕೂ ಸ್ವಲ್ಪ ಕಡಿಮೆ. ಹೊಸದು ಅರ್ಧ ವೇಗದಲ್ಲಿ 7,000ಕ್ಕೆ 190, ಅಂದರೆ ಸುಮಾರು 37. ಅಮೆರಿಕದಲ್ಲಿ 2021ರ ಜುಲೈ 19ರಿಂದ ಜಾರಿಗೆ ಬಂದ ಈಜುಕೊಳದ ಪಂಪಿನ ನಿಯಮವೂ ನಿಂತಿರುವುದು ಇದೇ ಅಳತೆಯ ಮೇಲೆ, ಅಲ್ಲಿ ಲೀಟರಿನ ಬದಲು ಗ್ಯಾಲನ್, ಅಷ್ಟೆ. ನೆಲದೊಳಗಿನ ಕೊಳಗಳ ಬಹುಪಾಲು ಫಿಲ್ಟರ್ ಪಂಪುಗಳಿಗೆ ಅಲ್ಲಿ ಒಂದೇ ವೇಗದ ಮೋಟಾರಿನಿಂದ ಆ ಮಟ್ಟ ಮುಟ್ಟುವುದೇ ಕಷ್ಟವಾಗಿ, ತಯಾರಕರು ವೇರಿಯಬಲ್ ಸ್ಪೀಡಿಗೆ ಹೊರಳಿದರು.

ಪಂಪಿನಷ್ಟೇ ಮುಖ್ಯವಾದದ್ದು ಅದರ ಮುಂದೆ ಹಿಂದೆ ಇರುವ ಪೈಪು. ಒಳವ್ಯಾಸ 50 ಮಿ.ಮೀ. ಇರುವ ಪೈಪಿನಲ್ಲಿ ಗಂಟೆಗೆ 14 ಘನ ಮೀಟರ್ ಹರಿಸಿದರೆ ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡುತ್ತದೆ. ಪಂಪು ಎಳೆದುಕೊಳ್ಳುವ ಬದಿಯಲ್ಲಿ 1.8 ದಾಟಬಾರದು ಎನ್ನುವುದು ರೂಢಿ. 40 ಮಿ.ಮೀ. ಪೈಪಾದರೆ ವೇಗ 3 ಮೀಟರ್ ದಾಟುತ್ತದೆ, ಆಗ ಪಂಪಿಗೆ ನೀರೇ ಸಾಲದೆ ಒಳಗೆ ಜಲ್ಲಿಕಲ್ಲು ಅಗಿದಂಥ ಸದ್ದು ಬರುತ್ತದೆ. ನಿಮ್ಮ ‘ಬೇರಿಂಗ್ ಸದ್ದು’ ಅದೇ ಇರಬಹುದೇ ಎಂದು ಒಮ್ಮೆ ಕಿವಿಗೊಟ್ಟು ಕೇಳಿ. ಬೇರಿಂಗಿನದು ಒಂದೇ ಸಮನೆ ಕೀರಲು, ಇದು ಬಿಟ್ಟು ಬಿಟ್ಟು ಚಟಪಟ. ಅದೇ ನೀರಿಗೆ 40ರ ಬದಲು 50 ಮಿ.ಮೀ. ಪೈಪು ಹಾಕಿದರೆ ತಿಕ್ಕಾಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ನೆಲದೊಳಗೆ ಹೂತ ಪೈಪನ್ನು ಅಗೆಯಿರಿ ಎಂದು ನಾನು ಹೇಳುವುದಿಲ್ಲ. ಪಂಪಿನ ಕೋಣೆಯೊಳಗಿನ ಎರಡು–ಮೂರು ಮೀಟರನ್ನಾದರೂ ಹೊಸ ಪಂಪು ಕೂರಿಸುವಾಗ ದೊಡ್ಡದು ಮಾಡಿಸಿ, ಚೂಪು ಎಲ್ಬೋ ತೆಗೆದು ಉದ್ದ ಬೆಂಡು ಹಾಕಿಸಿ, ಪಂಪಿನ ಬಾಯಿಗೆ ತಾಗುವ ಮೊದಲು ಪೈಪಿನ ಅಗಲದ ಐದರಷ್ಟು ದೂರ ನೇರವಾಗಿರಲಿ.

ಈ ವಿಷಯದಲ್ಲಿ ನಾನೇ ಮಾಡಿದ ತಪ್ಪೊಂದಿದೆ. ಕಸುಬಿಗೆ ಬಂದ ಹೊಸತರಲ್ಲಿ ಒಂದು ಚಿಕ್ಕ ಕೊಳಕ್ಕೆ ‘ಇರಲಿ, ಮುಂದಕ್ಕೆ ಬೇಕಾಗುತ್ತದೆ’ ಎಂದು ದೊಡ್ಡ ಪಂಪು ಹಾಕಿಸಿದೆ. ಆರು ತಿಂಗಳಿಗೆ ಮನೆಯವರು ಕರೆದರು: ಕೊಳದ ತಳದಲ್ಲಿ, ನೀರು ವಾಪಸ್ ಬರುವ ಬಾಯಿಯ ಕೆಳಗೆ, ಮರಳಿನ ಸಣ್ಣ ಗುಡ್ಡೆ. ಫಿಲ್ಟರಿನ ಅಡಿಯ ಜಾಲರಿ ಕೊಳವೆಯೊಂದು ಮುರಿದು ಮರಳೇ ಕೊಳಕ್ಕೆ ಬರುತ್ತಿತ್ತು. ಅದನ್ನು ಸರಿಮಾಡಿ, ಹರಿವು ತಗ್ಗಿಸಲು ವಾಲ್ವನ್ನು ಅರ್ಧ ಮುಚ್ಚಿ ಬಂದೆ. ಅದು ಎರಡನೇ ತಪ್ಪು. ನಲ್ಲಿ ಪೂರ್ತಿ ತಿರುಗಿಸಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಂತೆ ಅದು: ನೀರು ಕಡಿಮೆಯಾಯಿತು, ಕರೆಂಟು ಅಷ್ಟೇನೂ ಇಳಿಯಲಿಲ್ಲ. ನಿಮ್ಮ ಪಂಪಿನ ಕೋಣೆಯಲ್ಲೂ ಹೀಗೆ ಅರ್ಧ ಮುಚ್ಚಿದ ವಾಲ್ವೊಂದು ಇದ್ದರೆ, ಪಂಪು ದೊಡ್ಡದಾಯಿತು ಎಂದು ಹಿಂದೆ ಯಾರಿಗೋ ಗೊತ್ತಾಗಿತ್ತು ಎಂದೇ ಅರ್ಥ.

ಹಾಗಂತ ತೀರಾ ಚಿಕ್ಕದನ್ನೂ ತರುವ ಹಾಗಿಲ್ಲ, ಅದಕ್ಕೆ ಮುಖ್ಯ ಕಾರಣ ಬ್ಯಾಕ್‌ವಾಷ್. ಸೋಸುವಾಗ ನೀರು ಎಷ್ಟು ನಿಧಾನವಾದರೆ ಅಷ್ಟು ಒಳ್ಳೆಯದು, ತೊಳೆಯುವಾಗ ಮರಳು ಎದ್ದು ಕುದಿಯುವಷ್ಟು ರಭಸ ಬೇಕು. ಫಿಲ್ಟರಿನ ಪ್ರತಿ ಚದರ ಮೀಟರಿಗೆ ಗಂಟೆಗೆ 37 ಘನ ಮೀಟರ್ ಎಂದು ಹಿಡಿದರೆ 500 ಮಿ.ಮೀ. ವ್ಯಾಸದ ಫಿಲ್ಟರಿಗೆ 7ಕ್ಕೂ ಸ್ವಲ್ಪ ಹೆಚ್ಚು, 600 ಮಿ.ಮೀ.ಗೆ ಹತ್ತೂವರೆ. ನಿಮ್ಮ ಫಿಲ್ಟರಿನ ವ್ಯಾಸ ಅಳೆದುಕೊಳ್ಳಿ, ಹೊಸ ಪಂಪು ಪೂರ್ತಿ ವೇಗದಲ್ಲಿ ಕನಿಷ್ಠ ಎಷ್ಟು ನೀರು ಕೊಡಬೇಕು ಎನ್ನುವುದು ಅಲ್ಲಿಂದ ಸಿಗುತ್ತದೆ. ಮರಳಿಲ್ಲದ, ಬಿಚ್ಚಿ ತೊಳೆಯುವ ಕಾರ್ಟ್ರಿಜ್ ಫಿಲ್ಟರ್ ಇರುವವರಿಗೆ ಈ ಗೊಡವೆಯಿಲ್ಲ. ಕೊಳಕ್ಕೆ ಕಾರಂಜಿಯೋ ನೀರಿನ ಝರಿಯೋ ಇದ್ದರೆ ಅದಕ್ಕೆ ಬೇರೆ ಪಂಪು ಇಡಿ. ವಾರಕ್ಕೆ ಎರಡು ಗಂಟೆ ಓಡುವ ಝರಿಗಾಗಿ ದಿನಾ ಹತ್ತು ಗಂಟೆ ಓಡುವ ಪಂಪನ್ನು ದೊಡ್ಡದು ಮಾಡುವುದು ಬೇಡ. ಫಿಲ್ಟರ್ ಪಂಪಿನ ಎಳೆತದಿಂದಲೇ ಓಡಾಡುವ ಕ್ಲೀನರ್ ಇದ್ದರೂ ಇದೇ ತೊಂದರೆ, ಅದು ಕೆಳವೇಗದಲ್ಲಿ ಅಲುಗುವುದಿಲ್ಲ. ತನ್ನದೇ ಮೋಟಾರಿರುವ ರೋಬಾಟ್ ಕ್ಲೀನರ್ ಬಂದರೆ ಮುಖ್ಯ ಪಂಪು ನೆಮ್ಮದಿಯಾಗಿ ನಿಧಾನ ಓಡಬಹುದು.

ಹಾಗಾಗಿ ನನ್ನ ಆಯ್ಕೆ ಇದು: ಒಂದು ಎಚ್‌ಪಿ ವರ್ಗದ, ಸೆಲ್ಫ್ ಪ್ರೈಮಿಂಗ್ (ಪೈಪಿನಲ್ಲಿರುವ ಗಾಳಿಯನ್ನು ತಾನೇ ಹೊರದಬ್ಬಿ ನೀರು ಎಳೆದುಕೊಳ್ಳುವ), ಕಾಯಂ ಅಯಸ್ಕಾಂತದ ವೇರಿಯಬಲ್ ಸ್ಪೀಡ್ ಪಂಪು. ಪೂರ್ತಿ ವೇಗದಲ್ಲಿ 8–10 ಮೀಟರ್ ಹೆಡ್ಡಿಗೆ ಗಂಟೆಗೆ 11–12 ಘನ ಮೀಟರ್ ಕೊಡಬೇಕು, ಗಂಟೆಗೆ 6–7ರಲ್ಲಿ ಓಡುವಾಗ 200 ವ್ಯಾಟ್ ದಾಟಬಾರದು. ಆ ಅಳತೆಯದು ಸಿಗದೆ ಒಂದೂವರೆ ಎಚ್‌ಪಿಯದೇ ಸಿಕ್ಕಿದರೆ ಚಿಂತೆಯಿಲ್ಲ, ವೇಗ ನಿಮ್ಮ ಕೈಯಲ್ಲಿದೆ. ಒಂದೇ ವೇಗದ ಪಂಪಿನಲ್ಲಿ ಅಳತೆ ತಪ್ಪಿದರೆ ಜೀವಮಾನದ ದಂಡ, ಇದರಲ್ಲಿ ಹಾಗಲ್ಲ. ಆದರೆ ತಂದು ಕೂರಿಸಿ, ಕಾರ್ಖಾನೆಯಿಂದ ಬಂದ ವೇಗದಲ್ಲೇ ಓಡಿಸುವವರನ್ನು ನೋಡಿದ್ದೇನೆ. ಬಿಲ್ಲು ಇಳಿಯಲಿಲ್ಲ ಎಂದು ಪಂಪಿಗೆ ಬೈಯುತ್ತಾರೆ.

ವೇಗ ಗೊತ್ತುಮಾಡುವುದು ಒಂದು ಮಧ್ಯಾಹ್ನದ ಕೆಲಸ. ಪೂರ್ತಿ ವೇಗದಲ್ಲಿ ಶುರು ಮಾಡಿ ನೂರು ನೂರು ಸುತ್ತು ಇಳಿಸುತ್ತಾ ಬನ್ನಿ. ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರವೋ ಹೀಟರೋ ಇದ್ದರೆ ಅದರ ‘ನೀರು ಸಾಲದು’ ದೀಪ ಯಾವಾಗ ಹೊತ್ತುತ್ತದೆ ನೋಡಿ, ಅದಕ್ಕಿಂತ ನೂರಿನ್ನೂರು ಸುತ್ತು ಮೇಲೆ ನಿಲ್ಲಿಸಿ. ಸ್ಕಿಮ್ಮರಿನ ಮುಂದೆ ಒಂದು ಒಣಗಿದ ಎಲೆ ಬಿಡಿ. ಅದು ತಾನಾಗಿ ತೇಲಿ ಒಳಗೆ ಹೋಗುತ್ತಿದ್ದರೆ ಆ ವೇಗ ಸಾಕು. ಬಾಗಿಲಲ್ಲೇ ನಿಂತು ತಿರುಗುತ್ತಿದ್ದರೆ ದಿನಕ್ಕೊಂದು ಗಂಟೆಯ ಮೇಲ್ವೇಗ ಬೇಕು ಎಂದರ್ಥ. ಓಡಿಸುವುದು ಹೆಚ್ಚಾಗಿ ಹಗಲಲ್ಲೇ ಇರಲಿ, ಬಿಸಿಲು ಕ್ಲೋರಿನ್ ತಿನ್ನುವುದೂ ಪಾಚಿ ಬೆಳೆಯುವುದೂ ಆಗಲೇ. ನೀರು ಬೆಚ್ಚಗಾದಷ್ಟೂ ಹೊತ್ತು ಜಾಸ್ತಿ ಬೇಕು.

ಕೆಳವೇಗಕ್ಕೆ ಬಂದ ಮೊದಲ ದಿನ ಎಲ್ಲರೂ ಗಾಬರಿಯಾಗುವುದು ಫಿಲ್ಟರಿನ ಗೇಜ್ ನೋಡಿ. ಮೊದಲು 1.2 ಬಾರ್ ತೋರಿಸುತ್ತಿದ್ದ ಮುಳ್ಳು ಅರ್ಧ ವೇಗದಲ್ಲಿ 0.3ಕ್ಕೆ ಬಿದ್ದಿರುತ್ತದೆ, ಸತ್ತಂತೆ ಕಾಣುತ್ತದೆ. ಪಂಪು ಕೆಟ್ಟಿಲ್ಲ. ಒತ್ತಡ ಕಾಲುಭಾಗಕ್ಕೆ ಇಳಿಯಲೇಬೇಕು, ಮೇಲೆ ಹೇಳಿದ ನಿಯಮವೇ ಅದು. ಆದರೆ ಬ್ಯಾಕ್‌ವಾಷ್ ಯಾವಾಗ ಎಂದು ತಿಳಿಯಲು ಆ 0.3ನ್ನು ನಂಬಬೇಡಿ, ಅಷ್ಟು ಕೆಳಗೆ ಮುಳ್ಳಿನ ಓದು ಹಿಡಿಯುವುದಿಲ್ಲ. ಫಿಲ್ಟರ್ ತೊಳೆದ ದಿನ ಒಂದು ಗೊತ್ತಾದ ಮೇಲ್ವೇಗದಲ್ಲಿ ಓಡಿಸಿ, ಗೇಜ್ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿಡಿ. ಮುಂದೆ ಪ್ರತಿ ಸಲ ಅದೇ ವೇಗದಲ್ಲಿ ನೋಡಿ, ಅರ್ಧ ಬಾರ್ ಏರಿದರೆ ತೊಳೆಯಿರಿ.

ಕೂರಿಸುವಾಗ ನೋಡಬೇಕಾದದ್ದು ಮುಖ್ಯವಾಗಿ ಬಿಸಿ ಮತ್ತು ತೇವ. ಈ ಪಂಪುಗಳಲ್ಲಿ ಮೊದಲು ಕೆಡುವುದು ಬೇರಿಂಗ್ ಅಲ್ಲ, ತಲೆಯ ಮೇಲಿನ ಎಲೆಕ್ಟ್ರಾನಿಕ್ ಬೋರ್ಡು. ನೆರಳಿರಲಿ, ಗಾಳಿ ಆಡಲಿ, ಆಸಿಡ್ ಮತ್ತು ಕ್ಲೋರಿನ್ ಡಬ್ಬಗಳು ಅದೇ ಕೋಣೆಯಲ್ಲಿ ಬೇಡ, ವೋಲ್ಟೇಜ್ ಏರುಪೇರಿನಿಂದ ರಕ್ಷಿಸಲು ಸರ್ಜ್ ಪ್ರೊಟೆಕ್ಟರ್ ಇರಲಿ. ವಾರಂಟಿಯಲ್ಲಿ ಬೋರ್ಡು ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಇಲ್ಲದೆ ಈಜುಕೊಳದ ಯಾವ ಮೋಟಾರನ್ನೂ ಚಾಲೂ ಮಾಡಬೇಡಿ. ವೇರಿಯಬಲ್ ಸ್ಪೀಡ್ ಪಂಪು ಹಾಕಿದ ಮೇಲೆ ಅದು ಪದೇ ಪದೇ ಟ್ರಿಪ್ ಆದರೆ ಅದನ್ನು ತೆಗೆಸುವುದಲ್ಲ, ಪಂಪಿನ ತಯಾರಕರು ಹೇಳುವ ಬಗೆಯ ಆರ್‌ಸಿಸಿಬಿಗೆ ಬದಲಿಸುವುದು. ಇನ್ನೊಂದು ಮಾತು, ಕರೆಂಟಿಗೆ ಸಂಬಂಧಿಸಿದ್ದಲ್ಲ: ತಳದ ಡ್ರೈನಿನ ಮುಚ್ಚಳ ಮುರಿದಿದ್ದರೆ ಅಥವಾ ಕಾಣೆಯಾಗಿದ್ದರೆ ಹೊಸದು ಹಾಕುವವರೆಗೆ ಯಾರೂ ನೀರಿಗಿಳಿಯುವುದು ಬೇಡ. ಪಂಪಿನ ಎಳೆತಕ್ಕೆ ಕೂದಲೋ ಕೈಯೋ ಸಿಕ್ಕಿಕೊಂಡರೆ ದೊಡ್ಡವರ ಬಲಕ್ಕೂ ಬಿಡಿಸಲಾಗುವುದಿಲ್ಲ.

ಕೊನೆಗೆ, ಆ ಬೇರಿಂಗ್. ಅದರ ಸದ್ದಿಗೆ ಹೆದರಿ ಈ ವಾರವೇ ಪಂಪು ಕೊಳ್ಳುವ ಆತುರ ಬೇಡ. ವೈಂಡಿಂಗ್ ಚೆನ್ನಾಗಿದ್ದರೆ ಬೇರಿಂಗ್ ಬದಲಿಸುವುದು ಸಣ್ಣ ಕೆಲಸ, ಬಿಚ್ಚಿದಾಗಲೇ, ಶಾಫ್ಟಿನ ಬಳಿ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲನ್ನೂ ಬದಲಿಸಿಬಿಡಿ, ಹಳೇ ಸೀಲು ಮತ್ತೆ ಸರಿಯಾಗಿ ಕೂರುವುದಿಲ್ಲ. ಅಷ್ಟಾದರೆ ಮೀಟರಿನ ದೀಪ ಎಣಿಸಲು, ನೀರಿನ ಮಟ್ಟ ಅಳೆಯಲು, ಟೈಮರ್ ಇಳಿಸಿ ನೋಡಲು ನಿಮಗೆ ಆರೇಳು ವಾರ ಸಿಗುತ್ತದೆ. ಪಂಪಿಗೂ ಮೋಟಾರಿಗೂ ನಡುವೆ ಈಗಾಗಲೇ ನೀರು ತೊಟ್ಟಿಕ್ಕುತ್ತಿದ್ದರೆ ಮಾತ್ರ ಕಾಯಬೇಡಿ. ಬೇರಿಂಗ್ ಹಾಳು ಮಾಡಿದ್ದು ಆ ನೀರೇ, ಮುಂದಿನ ಸರದಿ ವೈಂಡಿಂಗಿನದು.